ಹಬ್ಬಕ್ಕೆ ಪೋಡಿಗೆ ಹೋದ ಮಕ್ಕಳು ಶಾಲೆಗೆ ವಾಪಸ್ ಯಾಕೆ ಬರಲ್ಲ?

ಗೆಸ್ಟ್ ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ಆಶ್ರಮ ಶಾಲೆಯಲ್ಲಿ (ಮಕ್ಕಳು ಅಲ್ಲೇ ಉಳಿದು ಓದೋ ಶಾಲೆ) ಅತಿಥಿ ಶಿಕ್ಷಕಿ. ಬಂದು ಎಂಟು ತಿಂಗಳಾಯ್ತು. ಮಕ್ಕಳಲ್ಲಿ ಮುಕ್ಕಾಲು ಪಾಲು ಸೋಲಿಗರು, ಇಲ್ಲಿನ ಕಾಡಿನ ಬುಡಕಟ್ಟಿನವರು. ಕಾಡೊಳಗಿನ ಅವರ ಊರಿಗೆ ಪೋಡು ಅಂತಾರೆ. ಸಂಕ್ರಾಂತಿಗೆ ಅಂತ ಮನೆಗೆ ಹೋದವರಲ್ಲಿ ಹನ್ನೊಂದು ಮಕ್ಕಳು ಮೂರು ವಾರವಾದರೂ ಬರಲಿಲ್ಲ. ಫೋನ್ ಮಾಡೋಣ ಅಂದ್ರೆ ಅಲ್ಲಿ ಸಿಗ್ನಲ್ ಇಲ್ಲ. ಕೊನೆಗೆ ಹೋದ ಶನಿವಾರ ಶಾಲೆಯ ಅಡುಗೆ ಅಕ್ಕನ ಜೊತೆ ಒಂದು ಪೋಡಿಗೆ ನಾನೇ ನಡೆದು ಹೋದೆ.

ಟಾರು ರಸ್ತೆ ಬಿಟ್ಟ ಮೇಲೆ ಎರಡೂವರೆ ಗಂಟೆ ನಡಿಗೆ. ಇಪ್ಪತ್ತಾರು ಮನೆ. ಕರೆಂಟ್ ಇಲ್ಲ. ಸೂರಿನ ಮೇಲೆ ಸೋಲಾರ್ ಪ್ಲೇಟ್ ಇದೆ, ಬ್ಯಾಟರಿ ಸತ್ತು ಎರಡು ವರ್ಷವಂತೆ. ಒಂದು ಮನೆಯಲ್ಲಿ ಆ ಬ್ಯಾಟರಿ ಪೆಟ್ಟಿಗೆಯೊಳಗೆ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸಿದ್ದರು. ನೀರು ಮೇಲಿನ ಹಳ್ಳದಿಂದ ಪೈಪಿನಲ್ಲಿ ಬರುತ್ತೆ. ಆನೆ ತುಳಿದು ಒಡೆದ ಕಡೆಯೆಲ್ಲಾ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಹೋಗುವಾಗ ಹಾಗೆ ಸುತ್ತಿದ್ದ ಹತ್ತೊಂಬತ್ತು ಕಡೆ ಎಣಿಸಿದೆ. ಆರು ಮನೆಗಳ ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟಿದ್ದರು. ಮಕ್ಕಳ ಸಮೇತ ಕಾಫಿ ಕೊಯ್ಲಿಗೆ ಎಸ್ಟೇಟಿಗೆ ಹೋಗಿದ್ದಾರಂತೆ.

ನನ್ನ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಸಿಕ್ಕಿದ. ಯಾಕೋ ಬರ್ಲಿಲ್ಲ ಅಂದ್ರೆ "ದಾರೀಲಿ ಆನೆ ಅದೆ ಮಿಸ್ಸು" ಅಂದ. ಮೂರು ವಾರ ಒಂದೇ ಆನೆ ಅಲ್ಲೇ ನಿಂತಿರುತ್ತಾ ಅಂತ ನಾನು ನಕ್ಕೆ. ಅವನು ನಗಲಿಲ್ಲ.

ನನ್ನ ಪ್ರಶ್ನೆ ಎರಡು. ಈ ಮಕ್ಕಳನ್ನು ವಾಪಸ್ ಕರೆತರೋಕೆ ಬೇರೆಯವರು ಏನು ಮಾಡ್ತೀರಿ? ಇನ್ನೊಂದು, ಇಷ್ಟು ವರ್ಷ ಆದ್ರೂ ಅಲ್ಲಿಗೆ ಒಂದು ದಾರಿ, ಒಂದು ಬಲ್ಬ್ ಯಾಕೆ ಹೋಗಿಲ್ಲ? ಕಾನೂನೇ ಅಡ್ಡಿನಾ?

ಯಳಂದೂರು ಬಸ್ಸು
ಆನೆ ಮೂರು ವಾರ ಏನು, ಮೂರು ತಿಂಗಳು ನಿಲ್ಲುತ್ತೆ ಮೇಡಂ. ನೀವು ನಗಬಾರದಿತ್ತು.

ಬೆಂಗಳೂರು ಬೈಕರ್
ನಾನು ಡಿಸೆಂಬರ್‌ನಲ್ಲಿ ಬಿ.ಆರ್. ಹಿಲ್ಸ್‌ಗೆ ಹೋಗಿದ್ದೆ. ಎಂಥಾ ಶಾಂತಿ! ಫೋನ್ ಇಲ್ಲ, ಟೆನ್ಶನ್ ಇಲ್ಲ. ಆ ಜನ ನಮಗಿಂತ ಸುಖವಾಗಿದ್ದಾರೆ. ಸುಮ್ನೆ ರಸ್ತೆ, ಕರೆಂಟ್ ಅಂತ ಅವರನ್ನ ಕೆಡಿಸಬೇಡಿ.

ನರ್ಸಕ್ಕ
ಬೈಕರ್ ಅವರೇ, ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದವಳನ್ನ ಕಂಬಳಿಯ ಡೋಲಿಯಲ್ಲಿ ನಾಲ್ಕು ಜನ ಹೊತ್ತು ಬರೋದು ನೋಡಿದ್ದೀರಾ? ನಾನು ನೋಡಿದ್ದೀನಿ. ಮುಂದೆ ಒಬ್ಬ ಪಂಜು ಹಿಡಿದು ಕೂಗ್ತಾ ಬರ್ತಾನೆ, ಆನೆ ದೂರ ಸರಿಯಲಿ ಅಂತ. ಅವತ್ತು ಮಗು ದಾರಿಯಲ್ಲೇ ಹುಟ್ಟಿತು. ತಾಯಿ ಬದುಕಿದಳು. ಎಲ್ಲಾ ಸಲ ಹಾಗಾಗಲ್ಲ. ನಿಮಗೆ ಶಾಂತಿ ಬೇಕಾದ್ರೆ ಫೋನ್ ಸ್ವಿಚ್ ಆಫ್ ಮಾಡಿ.

ಬೆಂಗಳೂರು ಬೈಕರ್
ಸರಿ, ಒಪ್ಪಿದೆ. ಹಾಗೆ ಯೋಚಿಸಿರಲಿಲ್ಲ.

ಹುಲಿಹೆಜ್ಜೆ
ಒಂದು ಮಾತು ಹೇಳ್ತೀನಿ, ಬೈಬೇಡಿ. ಇದು ಹುಲಿ ಸಂರಕ್ಷಿತ ಪ್ರದೇಶ. 1974ರಲ್ಲಿ ಅಭಯಾರಣ್ಯ ಆಯ್ತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಪ್ರತಿ ಪೋಡಿಗೂ ರಸ್ತೆ ಮಾಡಿದ್ರೆ ನಾಳೆ ಅದೇ ರಸ್ತೆಯಲ್ಲಿ ರೆಸಾರ್ಟ್‌ನವರ ಜೀಪ್ ಹೋಗುತ್ತೆ. ಇದಕ್ಕಿಂತ ಸ್ವಂತ ಇಚ್ಛೆಯಿಂದ ಬರೋರಿಗೆ ಪುನರ್ವಸತಿ ಕೊಡೋದು ವಾಸಿ ಅಲ್ವಾ? ಒಂದು ಕುಟುಂಬಕ್ಕೆ 10 ಲಕ್ಷ ಇದ್ದಿದ್ದು 2021ರಲ್ಲಿ 15 ಲಕ್ಷ ಆಗಿದೆ. 18 ತುಂಬಿದ ಮಕ್ಕಳನ್ನೂ ಬೇರೆ ಕುಟುಂಬ ಅಂತಲೇ ಲೆಕ್ಕ ಹಾಕ್ತಾರೆ. ಶಾಲೆ, ಆಸ್ಪತ್ರೆ ಎಲ್ಲಾ ಹತ್ತಿರ ಇರುತ್ತೆ.

ರಾಗಿರೊಟ್ಟಿ
15 ಲಕ್ಷಕ್ಕೆ ಈಗ ನಮ್ಮ ಕಡೆ ನೀರಾವರಿ ಜಮೀನು ಒಂದು ಎಕರೆ ಸಿಕ್ಕಿದ್ರೆ ಅದೃಷ್ಟ. ಅದರಲ್ಲೇ ಮನೆ, ಅದರಲ್ಲೇ ಊಟ, ಅದರಲ್ಲೇ ಮಗಳ ಮದುವೆ.

ಹುಣಸೂರು ಹೊಗೆಸೊಪ್ಪು
ನಾಗರಹೊಳೆ ಕಥೆ ಹೇಳ್ತೀನಿ. ನಮ್ಮ ತಂದೆಯವರ ಹೊಲಕ್ಕೆ ಕೂಲಿಗೆ ಬರುತ್ತಿದ್ದವರಲ್ಲಿ ಅರ್ಧ ಜನ ಕಾಡಿನಿಂದ ಬಂದವರೇ. ಕಾಡಿನೊಳಗೆ ಜೇನು ಇಳಿಸುತ್ತಿದ್ದವನು ಇಲ್ಲಿ ಹೊಗೆಸೊಪ್ಪು ಒಣಗಿಸೋ ಬ್ಯಾರನ್ನಿಗೆ ಸೌದೆ ಒಟ್ಟುತ್ತಾನೆ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ, ಅಂದ್ರೆ ಹಿಂದೆ ತಾವು ಬಿಟ್ಟು ಬಂದ ಜಾಗಕ್ಕೇ, ವಾಪಸ್ ಹೋಗಿ ಗುಡಿಸಲು ಹಾಕಿದರು. ಹೊರಗೆ ಅಷ್ಟು ಸುಖ ಇದ್ದಿದ್ರೆ ದಶಕಗಳಾದ ಮೇಲೆ ಯಾರು ವಾಪಸ್ ಹೋಗ್ತಾರೆ?

ಹುಲಿಹೆಜ್ಜೆ
ಅದು ಪುನರ್ವಸತಿ ಸರಿಯಾಗಿ ಮಾಡದೇ ಇದ್ದಿದ್ದರ ತಪ್ಪು. ಪುನರ್ವಸತಿಯೇ ತಪ್ಪು ಅಂತ ಅಲ್ಲ.

ಹುಣಸೂರು ಹೊಗೆಸೊಪ್ಪು
ಸರಿಯಾಗಿ ಮಾಡಿದ್ದು ಒಂದು ತೋರಿಸಿ, ಆಮೇಲೆ ಮಾತಾಡೋಣ.

ಕಾನೂನು ಕಟ್ಟೆ
ಟೀಚರ್ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ. ಕಾನೂನು ಅಡ್ಡಿ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಓದಿ. ಹದಿಮೂರು ಸೌಲಭ್ಯಕ್ಕೆ ಕಾಡಿನ ಜಾಗ ಬಳಸಬಹುದು. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರಸಂಪರ್ಕ ಲೈನ್, ಕುಡಿಯುವ ನೀರಿನ ಪೈಪು, ಕೆರೆ, ರಸ್ತೆ, ಸಮುದಾಯ ಭವನ, ಹೀಗೆ. ಷರತ್ತು ಇಷ್ಟೇ: ಒಂದೊಂದಕ್ಕೆ ಬೇಕಾಗುವ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಅಷ್ಟಾದ್ರೆ ದಿಲ್ಲಿಗೆ ಹೋಗಬೇಕಾಗಿಲ್ಲ, ಡಿ.ಎಫ್.ಓ., ಅಂದ್ರೆ ವಿಭಾಗದ ಅರಣ್ಯಾಧಿಕಾರಿ ಮಟ್ಟದಲ್ಲೇ ಮುಗಿಯುತ್ತೆ.

ಇನ್ನು ಪುನರ್ವಸತಿ ವಿಷಯ. ಅದೇ ಕಾಯ್ದೆಯ 4(2) ಪ್ರಕಾರ ಮೊದಲು ಹಕ್ಕುಗಳನ್ನು ಗುರುತಿಸಿ ಮುಗಿಸಬೇಕು. ಜನ ಮತ್ತು ಪ್ರಾಣಿ ಒಟ್ಟಿಗೆ ಇರೋಕೆ ಬೇರೆ ದಾರಿಯೇ ಇಲ್ಲ ಅಂತ ತೀರ್ಮಾನ ಆಗಬೇಕು. ಗ್ರಾಮಸಭೆ ಲಿಖಿತ ಒಪ್ಪಿಗೆ ಕೊಡಬೇಕು. "ಸ್ವಂತ ಇಚ್ಛೆ" ಅನ್ನೋದು ಅಷ್ಟು ಹಗುರ ಪದ ಅಲ್ಲ.

ಕಡತ ಕೆಲಸ
ಕಟ್ಟೆಯವರು ಅರ್ಧ ಹೇಳಿದ್ರು. ಆ 3(2) ಪಕ್ಕಕ್ಕಿಡೋದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನ. 1972ರ ವನ್ಯಜೀವಿ ಕಾಯ್ದೆಯ ಹೆಸರು ಅಲ್ಲಿ ಇಲ್ಲ. ಗಂಟು ಇರೋದೇ ಅಲ್ಲಿ. ಹುಲಿ ಸಂರಕ್ಷಿತ ಪ್ರದೇಶದ ಫೈಲ್ ಬಂದ್ರೆ ಯಾವ ಅಧಿಕಾರಿಯೂ ತಾನೇ ಸಹಿ ಹಾಕೋಕೆ ಮುಂದೆ ಬರಲ್ಲ. "ಸ್ಪಷ್ಟೀಕರಣ ಕೋರಿ" ಅಂತ ಬರೆದು ಮೇಲಕ್ಕೆ ಕಳಿಸ್ತಾನೆ. ಮೇಲಿನವರು "ಪರಿಶೀಲಿಸಿ" ಅಂತ ಬರೆದು ಕೆಳಕ್ಕೆ ಕಳಿಸ್ತಾರೆ. ನಾನು ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದೀನಿ, ಯಾವ ಕಚೇರಿ ಅಂತ ಕೇಳಬೇಡಿ.

ಕಾನೂನು ಕಟ್ಟೆ
ಅದು ಕಾನೂನಿನ ಗಂಟಲ್ಲ, ಧೈರ್ಯದ ಗಂಟು. ಆದ್ರೂ ಒಪ್ಪಿದೆ.

ಪೋಡಿನವಳು
ಎಲ್ಲರದ್ದೂ ಓದಿದೆ. ನಾನು ಸೋಲಿಗರವಳು. ಪೋಡಿನಲ್ಲೇ ಹುಟ್ಟಿದವಳು, ಈಗ ಮೈಸೂರಿನಲ್ಲಿ ಎಂ.ಎ. ಓದ್ತಿದ್ದೀನಿ. ನಮ್ಮ ಬಗ್ಗೆ ಇಷ್ಟು ಜನ ಮಾತಾಡ್ತಿರೋವಾಗ ನಾನೂ ಸ್ವಲ್ಪ ಹೇಳ್ತೀನಿ.

ಟೀಚರ್ ಅಕ್ಕಾ, ಮೊದಲು ಆ ಆನೆ. ಹುಡುಗ ಸುಳ್ಳು ಹೇಳಿಲ್ಲ. ಜನವರಿ ಆದಮೇಲೆ ಸಣ್ಣ ಹಳ್ಳಗಳು ಬತ್ತುತ್ತವೆ. ಆಗ ಆನೆಗಳು ನೀರು ನಿಲ್ಲೋ ಜಾಗದ ಸುತ್ತಲೇ ಬೀಡು ಬಿಡ್ತವೆ. ನಿಮ್ಮ ದಾರಿ ಅಂಥ ಒಂದು ಕಟ್ಟೆ ಪಕ್ಕ ಹಾದುಹೋಗಿರುತ್ತೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ದೊಡ್ಡವರು ಜೊತೆಗಿದ್ರೆ ಹೋಗಬಹುದು. ಈ ತಿಂಗಳು ದೊಡ್ಡವರು ಎಲ್ಲಿದ್ದಾರೆ? ಎಸ್ಟೇಟಿನಲ್ಲಿ. ಮನೆಯಲ್ಲಿ ಅಜ್ಜಿ ಮತ್ತು ಮಕ್ಕಳು. ಅಜ್ಜಿ ಏಳು ಕಿಲೋಮೀಟರ್ ಕರ್ಕೊಂಡು ಬಂದು ಮತ್ತೆ ಒಬ್ಬಳೇ ವಾಪಸ್ ಹೋಗಬೇಕಾ?

ಎರಡನೇದು. ನಾವು ಕಾಡಿಗೆ ಬಂದು ಸೇರ್ಕೊಂಡವರಲ್ಲ. ಬಿಳಿಗಿರಿ ರಂಗ ನಮ್ಮ ಕುಸುಮಾಲೆಯನ್ನು ಮದುವೆಯಾದವನು. ಅದಕ್ಕೇ ನಾವು ಅವನನ್ನು ಭಾವ ಅಂತೀವಿ, ದೇವರು ಅಂತ ಕೈಮುಗಿದರೂ ಬೈಯೋ ಸಲಿಗೆ ಇದೆ. ಪ್ರತಿ ಕುಲಕ್ಕೂ ಅದರದೇ ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಇರ್ತವೆ. ಕಲ್ಲುಗುಡಿ ಅಂದ್ರೆ ಸತ್ತವರಿಗೆ ಕಲ್ಲು ಇಡೋ ಜಾಗ. ನಮ್ಮಜ್ಜ ಹುಟ್ಟಿದ ಪೋಡು ಈಗಿಲ್ಲ. ಅಭಯಾರಣ್ಯ ಆದಾಗ ಅಲ್ಲಿಂದ ಎಬ್ಬಿಸಿ ರಸ್ತೆ ಪಕ್ಕ ಕಾಲೋನಿ ಮಾಡಿದ್ರು. ಕಲ್ಲುಗುಡಿ ಮಾತ್ರ ಅಲ್ಲೇ ಇದೆ. ಅಲ್ಲಿಗೆ ಹೋಗಿ ಎಡೆ ಇಡೋಕೆ ಈಗ ಯಾರನ್ನೋ ಕೇಳಿ ಹೋಗಬೇಕು.

ಹುಲಿಹೆಜ್ಜೆ ಅಣ್ಣಾ, ನೀವು ಒಳ್ಳೇ ಮನಸ್ಸಿನಿಂದಲೇ ಹೇಳಿದ್ದೀರಿ ಅಂತ ಅಂದ್ಕೊಂಡಿದ್ದೀನಿ. ಹುಲಿ ನಮಗೂ ಬೇಕು. ನಾವು ಹುಲಿವೀರನಿಗೆ ಪೂಜೆ ಮಾಡೋರು.

ಬೈಕರ್ ಅಣ್ಣಾ, ನಮಗೂ ಇನ್‌ಸ್ಟಾಗ್ರಾಮ್ ಬೇಕು.

ಬೆಂಗಳೂರು ಬೈಕರ್
ಹೊಡೆದೇಬಿಟ್ರಲ್ಲ ತಂಗಿ 😄

ಗೆಸ್ಟ್ ಟೀಚರ್
ತುಂಬಾ ಥ್ಯಾಂಕ್ಸ್ ತಂಗಿ. ನಾಚಿಕೆ ಆಯ್ತು ನನಗೆ. ಕಟ್ಟೆ ಪಕ್ಕವೇ ಹೋಗಿದ್ದು, ಹೌದು.

ಹುಲಿಹೆಜ್ಜೆ
ತಂಗಿ, ನಿಮ್ಮ ಮಾತಿಗೆ ಗೌರವ ಇದೆ. ಒಂದು ಅನುಮಾನ ಕೇಳ್ತೀನಿ. ನಿಮ್ಮವರು ಕಾಡಿಗೆ ಬೆಂಕಿ ಹಾಕೋ ಪದ್ಧತಿ ಇತ್ತಲ್ಲ? ಅದು ಕಾಡಿಗೆ ಒಳ್ಳೇದಾ?

ಪೋಡಿನವಳು
ತರಗು ಬೆಂಕಿ ಅಂತೀವಿ. ತರಗೆಲೆ ಬಿದ್ದ ಹೊಸದರಲ್ಲಿ, ನೆಲದಲ್ಲಿ ಇನ್ನೂ ತೇವ ಇರೋವಾಗಲೇ ಸಣ್ಣಗೆ ಹಾಕೋದು. ಮೊಣಕಾಲುದ್ದ ಕೂಡ ಏಳಲ್ಲ, ಮಧ್ಯಾಹ್ನ ಹಚ್ಚಿದ್ರೆ ಸಂಜೆ ಇಬ್ಬನಿಗೆ ತಾನೇ ಆರುತ್ತೆ. ಮರಕ್ಕೆ ಏನೂ ಆಗಲ್ಲ. ಅದನ್ನ ನಿಲ್ಲಿಸಿದ ಮೇಲೆ ತರಗು ವರ್ಷಗಟ್ಟಲೆ ಸೇರಿ, ಏಪ್ರಿಲ್‌ನಲ್ಲಿ ಒಂದು ಕಿಡಿ ಬಿದ್ರೂ ಮರದ ತುದಿವರೆಗೆ ಹೋಗುತ್ತೆ. ಎರಡೂ ಒಂದೇ ಅಂತ ಹೇಳೋದು ಒಲೆಗೂ ಚಿತೆಗೂ ವ್ಯತ್ಯಾಸ ಇಲ್ಲ ಅಂದ ಹಾಗೆ.

ಗಿಡ ಗೊತ್ತಿರೋನು
ಇದು ಬರೀ ಅಜ್ಜಿ ಕಥೆ ಅಲ್ಲ. ಬಿ.ಆರ್.ಟಿ.ಯಲ್ಲಿ, ಅಂದ್ರೆ ಇದೇ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯವರು 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನಾ ಅನ್ನೋ ಹೊರಗಿನಿಂದ ಬಂದ ಕಳೆ ಪೊದೆ ಹತ್ತಿರ ಹತ್ತಿರ ಎರಡರಷ್ಟು ಜಾಗಕ್ಕೆ ಹರಡಿತ್ತು. ಬೆಂಕಿ ನಿಲ್ಲಿಸಿದ್ದೇ ಕಾರಣ ಅಂತ ಸೋಲಿಗರು ಮೊದಲಿಂದ ಹೇಳ್ತಿದ್ದಾರೆ. ಲಂಟಾನಾ ಬಂದ್ರೆ ಹುಲ್ಲು ಹೋಗುತ್ತೆ. ಹುಲ್ಲು ಹೋದ್ರೆ ಜಿಂಕೆ, ಕಾಟಿಗೆ ಮೇವಿಲ್ಲ. ಆನೆ ಕೂಡ ಪೊದೆ ಬಿಟ್ಟು ಕಾಲುದಾರಿಯಲ್ಲೇ ನಡೆಯುತ್ತೆ. ಅಂದ್ರೆ ಟೀಚರ್ ಮಕ್ಕಳ ದಾರಿಯಲ್ಲೇ. ನೆಲ್ಲಿ ಮರಕ್ಕೆ ಉಪ್ಪಿಲು ಬಂದು ಒಣಗೋದಕ್ಕೂ ಬೆಂಕಿ ನಿಂತದ್ದಕ್ಕೂ ಸಂಬಂಧ ಇದೆ ಅಂತ ಅವರ ವಾದ.

ಹುಲಿಹೆಜ್ಜೆ
ಉಪ್ಪಿಲು ಅಂದ್ರೆ ಬಂದಳಿಕೆನಾ?

ಗಿಡ ಗೊತ್ತಿರೋನು
ಹೌದು, ಬಂದಳಿಕೆಯೇ. ನೆಲ್ಲಿ ಕೊಯ್ಯೋಕೆ ಹೋದವರು ಜೊತೆಗೆ ಉಪ್ಪಿಲು ಹತ್ತಿದ ಕೊಂಬೆ ಕಡಿದು ಹಾಕ್ತಿದ್ರು. ಕೊಯ್ಲು ನಿಲ್ಲಿಸಿದ್ರು, ಕಡಿಯೋದೂ ನಿಂತಿತು.

ರಾಗಿರೊಟ್ಟಿ
ಲಂಟಾನಾದಿಂದ ಮಲೆಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಕುರ್ಚಿ, ಮೇಜು ಮಾಡ್ತಾರೆ. ಕಡ್ಡಿಯನ್ನ ಬೇಯಿಸಿ, ಸಿಪ್ಪೆ ಸುಲಿದು ಬಗ್ಗಿಸೋದು. ನಮ್ಮ ಮನೆಯಲ್ಲಿ ಒಂದು ಮೋಡಾ ಇದೆ, ಒಂಬತ್ತು ವರ್ಷ ಆಯ್ತು. ಬೆತ್ತದ್ದು ಮೂರು ವರ್ಷಕ್ಕೇ ಹುಳ ಹಿಡೀತು.

ಜೇನು ಪ್ರಿಯ
ವಿಷಯಾಂತರಕ್ಕೆ ಕ್ಷಮೆ ಇರಲಿ. ಬೆಟ್ಟದ ರಸ್ತೆ ಪಕ್ಕ ಬಾಟಲಿಯಲ್ಲಿ ಮಾರೋದು ಅಸಲಿ ಜೇನಾ?

ಯಳಂದೂರು ಬಸ್ಸು
ಬೆಲ್ಲದ ಪಾಕ ಸಾರ್. ಪಾಪ ಹುಳನೂ ಮೋಸ ಹೋಗುತ್ತೆ. ಗಿರಿಜನರ ಸಹಕಾರ ಸಂಘ ಇದೆಯಲ್ಲ, ಲ್ಯಾಂಪ್ಸ್ ಸೊಸೈಟಿ, ಅಲ್ಲಿ ತಗೊಳ್ಳಿ.

ಪೋಡಿನವಳು
ಹೆಜ್ಜೇನು, ತುಡುವೆ, ಕೋಲುಜೇನು, ನೆಸರಿ. ನಾಲ್ಕಕ್ಕೂ ರುಚಿ ಬೇರೆ. ನಮ್ಮ ಮಾವ ಹೆಜ್ಜೇನು ಇಳಿಸ್ತಾರೆ. ಹೊಗೆ ಹಾಕಿ, ಬಳ್ಳಿ ಹಿಡಿದು ಹತ್ತಿ, ಪೂರ್ತಿ ಕೀಳದೆ ಹುಳಕ್ಕೂ ಒಂದು ಪಾಲು ಬಿಟ್ಟು ಬರ್ತಾರೆ. 2006ರ ಹೊತ್ತಿಗೆ ಇದನ್ನೆಲ್ಲಾ ನಿಷೇಧ ಮಾಡಿದ್ರು. ಜೇನು, ಪಾಸೆ (ಕಲ್ಲುಹೂವು), ನೆಲ್ಲಿಕಾಯಿ, ಸೀಗೆ, ಅಂಟುವಾಳ, ಯಾವುದೂ ಮಾರೋ ಹಾಗಿರಲಿಲ್ಲ. ಟೀಚರ್ ಅಕ್ಕಾ, ನಿಮ್ಮ ಆರು ಮನೆ ಬಾಗಿಲಿಗೆ ಮುಳ್ಳು ಬಿದ್ದಿದೆಯಲ್ಲ, ಆ ಕಥೆ ಶುರುವಾಗಿದ್ದು ಅವತ್ತು. ಅದಕ್ಕೆ ಮುಂಚೆ ನಮ್ಮಮ್ಮ ಎಸ್ಟೇಟ್ ಕೂಲಿಗೆ ಹೋದೋರೇ ಅಲ್ಲ. ನೆಲ್ಲಿಕಾಯಿ ದುಡ್ಡಲ್ಲಿ ನನ್ನ ಅಕ್ಕನಿಗೆ ಸ್ಲೇಟು, ಯೂನಿಫಾರ್ಮ್ ಬಂದಿತ್ತು. ನನಗೆ ಬಂದಿದ್ದು ಎಸ್ಟೇಟ್ ದುಡ್ಡಲ್ಲಿ, ಒಂದು ವರ್ಷ ನಾನೂ ಮೂರು ತಿಂಗಳು ಅಲ್ಲೇ ಇದ್ದೆ. ಶಾಲೆ ತಪ್ಪಿತ್ತು.

ಕಾನೂನು ಕಟ್ಟೆ
ಅದಕ್ಕೆ ಮುಂದಿನ ಭಾಗ ಇದೆ. 2011ರ ಅಕ್ಟೋಬರ್‌ನಲ್ಲಿ ಬಿ.ಆರ್.ಟಿ.ಯ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರೋದೂ ಅದರಲ್ಲಿದೆ.

ಪೋಡಿನವಳು
ಪತ್ರ ಬಂತು, ಹೌದು. ಅಪ್ಪ ಅದನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದಾರೆ. ಅಷ್ಟರಲ್ಲಿ ನೆಲ್ಲಿ ಮರಕ್ಕೆ ಉಪ್ಪಿಲು ಹಿಡಿದಿತ್ತು, ದಾರಿಗೆ ಲಂಟಾನಾ ಬಂದಿತ್ತು. ಹುಡುಗರಿಗೆ ಮರ ಹತ್ತೋದು ಮರೆತಿತ್ತು.

ಹಳೇ ಮೇಷ್ಟ್ರು
ನಾನು ಎಂಬತ್ತರ ದಶಕದಲ್ಲಿ ಆ ಕಡೆ ಕೆಲಸ ಮಾಡಿದವನು. ಆಗ ಮಕ್ಕಳು ಹೊಸ ಮುಖ ಕಂಡ್ರೆ ಕಾಡಿಗೆ ಓಡುತ್ತಿದ್ದರು. 1981ರಲ್ಲಿ ಡಾ. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ ಮೇಲೆ ಶಾಲೆ, ಆಸ್ಪತ್ರೆ ಅಂತ ಬೆಟ್ಟದ ಮೇಲೆ ಒಂದು ನೆಲೆ ಸಿಕ್ಕಿತು. ಈಗ ಸೋಲಿಗರಲ್ಲೇ ಪಿಎಚ್‌ಡಿ ಮಾಡಿದವರಿದ್ದಾರೆ, ನರ್ಸುಗಳಿದ್ದಾರೆ, ಶಿಕ್ಷಕರಿದ್ದಾರೆ. ಹಾಗಾಗಿ ಏನೂ ಆಗಿಲ್ಲ ಅನ್ನಬೇಡಿ.

ಮಕ್ಕಳು ಬರದೇ ಇರೋದಕ್ಕೆ ಇನ್ನೊಂದು ಕಾರಣ ಹೇಳ್ತೀನಿ ಮೇಡಂ. ರಾಗಿ ಕೊಯ್ಲು ಮುಗಿದ ಮೇಲೆ ಅವರದ್ದು ರೊಟ್ಟಿ ಹಬ್ಬ ಇರುತ್ತೆ. ಅದು ಶಾಲೆಯ ರಜಾ ಪಟ್ಟಿಯಲ್ಲಿ ಇಲ್ಲ. ನಮ್ಮ ಸಂಕ್ರಾಂತಿಗೆ ಕಳಿಸ್ತೀವಿ, ಅವರ ಹಬ್ಬಕ್ಕೆ ಗೈರುಹಾಜರಿ ಹಾಕ್ತೀವಿ. ನಾನು ಹಬ್ಬದ ದಿನ ಕೇಳಿಕೊಂಡು ಸ್ಥಳೀಯ ರಜೆಯನ್ನ ಆ ವಾರಕ್ಕೆ ಹಾಕಿಸುತ್ತಿದ್ದೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತಿತ್ತು. ಹಬ್ಬ ಮುಗಿಸಿ ಮಕ್ಕಳೇ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು, ಕುಂಬಳಕಾಯಿ ಪಲ್ಯದ ಜೊತೆ. ಆ ರುಚಿ ಬಿಡಿ.

ಗೆಸ್ಟ್ ಟೀಚರ್
ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ಹೆಡ್ ಮೇಡಂ ಹತ್ರ ನಾಳೆನೇ ಕೇಳ್ತೀನಿ.

ಕಡತ ಕೆಲಸ
ಬಾಯಲ್ಲಿ ಕೇಳಬೇಡಿ, ಅರ್ಜಿ ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಚಾಮರಾಜನಗರ ಚೆಂಡುಹೂ
ಜನಮನ್ ಯೋಜನೆ ಅಂತ ಬಂದಿದೆಯಲ್ಲ, ಅದರಲ್ಲಿ ರಸ್ತೆ, ಮನೆ, ಕರೆಂಟ್ ಎಲ್ಲಾ ಕೊಡ್ತಾರಂತೆ. ಸೋಲಿಗರು ಅರ್ಜಿ ಹಾಕಿದ್ರೆ ಆಯ್ತು.

ಕಾನೂನು ಕಟ್ಟೆ
ಇಲ್ಲ. ಪಿ.ಎಂ. ಜನಮನ್ 2023ರ ನವೆಂಬರ್‌ನಲ್ಲಿ ಬಂದಿದ್ದು ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮಾತ್ರ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರೋದು ಜೇನುಕುರುಬ ಮತ್ತು ಕೊರಗ. ಸೋಲಿಗರು ಇಲ್ಲ. ಅವರು ನೋಡಬೇಕಾದ್ದು 2024ರ ಅಕ್ಟೋಬರ್ 2ರಂದು ಬುಡಕಟ್ಟು ಊರುಗಳಿಗೆ ಅಂತ ಶುರುವಾದ ಧರ್ತಿ ಆಬಾ ಅಭಿಯಾನ.

ಚಾಮರಾಜನಗರ ಚೆಂಡುಹೂ
ಒಂದೇ ಬೆಟ್ಟ, ಒಂದೇ ಕಷ್ಟ, ಪಟ್ಟಿ ಬೇರೆ. ಚೆನ್ನಾಗಿದೆ.

ನರ್ಸಕ್ಕ
ಪೌಷ್ಟಿಕ ಆಹಾರದ ಕಿಟ್ ಸೋಲಿಗರಿಗೂ ಸಿಗುತ್ತೆ, ಅದನ್ನ ಹೇಳಲೇಬೇಕು. ರಾಗಿ, ಬೇಳೆ, ಬೆಲ್ಲ, ಎಣ್ಣೆ, ತುಪ್ಪ, ಮೊಟ್ಟೆ. ಮಳೆಗಾಲದಲ್ಲಿ ಎಷ್ಟೋ ಮನೆ ಒಲೆ ಉರಿಯೋದೇ ಅದರಿಂದ. ಆದ್ರೆ ಗಾಡಿ ರಸ್ತೆ ತನಕ ಮಾತ್ರ ಬರುತ್ತೆ. ಒಂದು ಸಲ ಒಬ್ಬ ಅಜ್ಜಿ ಮೊಟ್ಟೆಯ ಟ್ರೇ ತಲೆ ಮೇಲಿಟ್ಟು ಹೊರಟಿದ್ದರು. ಒಡೆಯಲ್ವಾ ಅಜ್ಜಿ ಅಂದೆ. "ಅರ್ಧ ಇಲ್ಲೇ ಬೇಯಿಸ್ಕೊಂಡು ತಿಂದು ಹೋಯ್ತೀವಿ ಕನವ್ವ" ಅಂದ್ರು. ನಿಜವಾಗಲೂ ರಸ್ತೆ ಪಕ್ಕ ಮೂರು ಕಲ್ಲು ಇಟ್ಟು ಬೇಯಿಸಿದ್ರು. ನನಗೂ ಎರಡು ಕೊಟ್ರು.

ಟೀಚರ್, ನಿಮಗೆ ಇನ್ನೊಂದು ಮಾತು. ಮಕ್ಕಳು ಪದೇ ಪದೇ ಕೈಕಾಲು ನೋವು, ಎದೆನೋವು ಅಂತ ಮಲಗಿದ್ರೆ ಸೋಮಾರಿತನ ಅಂದ್ಕೋಬೇಡಿ. ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಅಪ್ಪ ಅಮ್ಮ ಇಬ್ಬರಲ್ಲೂ ಆ ಗುಣ ಒಂದೊಂದು ಪಾಲು ಇದ್ರೆ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ಪೂರ್ತಿ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಚಳಿ, ನಿರ್ಜಲೀಕರಣ, ಜಾಸ್ತಿ ನಡಿಗೆ, ಇವೆಲ್ಲಾ ನೋವನ್ನ ಕೆರಳಿಸುತ್ತವೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೇ ಒಂದು ಅಭಿಯಾನ ಶುರು ಮಾಡಿದೆ, ರಕ್ತ ಪರೀಕ್ಷೆ ಮಾಡಿ ಕಾರ್ಡ್ ಕೊಡ್ತಾರೆ. ಎಲ್ಲಾ ಮಕ್ಕಳಿಗೂ ಆ ಕಾರ್ಡ್ ಇದೆಯಾ ನೋಡಿ. ಒಂದು ಆಸ್ಪತ್ರೆಯಲ್ಲಿ ಇಂಥ ಹುಡುಗಿಗೆ ಆರು ತಿಂಗಳು ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದ್ರು. ಹೆಸರು ಬೇಡ.

ಗೆಸ್ಟ್ ಟೀಚರ್
ಅಯ್ಯೋ. ಮಂಡಿನೋವು ಅಂತ ಆಟಕ್ಕೆ ಬರದ ಇಬ್ಬರು ಹುಡುಗಿಯರಿದ್ದಾರೆ. ನಾನು ಬೈದಿದ್ದೆ. ಸೋಮವಾರವೇ ಪರೀಕ್ಷೆಗೆ ಕರ್ಕೊಂಡು ಹೋಗ್ತೀನಿ.

ಕೊಳ್ಳೇಗಾಲ ಗುಂಡ
ಎಲ್ಲರೂ ಬಿ.ಆರ್. ಹಿಲ್ಸ್ ಬಗ್ಗೆನೇ ಮಾತಾಡ್ತಿದ್ದೀರಿ. ಮಹದೇಶ್ವರ ಬೆಟ್ಟದ ಕಡೆ ಬನ್ನಿ. 2024ರ ಏಪ್ರಿಲ್ 26ರಂದು ಇಂಡಿಗನತ್ತದಲ್ಲಿ ರಸ್ತೆ, ನೀರು ಇಲ್ಲ ಅಂತ ಮತದಾನ ಬಹಿಷ್ಕಾರ ಮಾಡಿ ಮತಗಟ್ಟೆನೇ ಪುಡಿ ಆಯ್ತು. 29ಕ್ಕೆ ಮರುಮತದಾನ. ಸೋಲಿಗರು ಅಷ್ಟು ರೊಚ್ಚಿಗೆದ್ದಿದ್ದರು.

ಯಳಂದೂರು ಬಸ್ಸು
ತಪ್ಪು ಗುಂಡಣ್ಣ. ಇಂಡಿಗನತ್ತದಲ್ಲಿ ಹೆಚ್ಚಿನವರು ಲಿಂಗಾಯತರು. ಸೋಲಿಗರು ಇರೋದು ಪಕ್ಕದ ಮೆಂದಾರೆಯಲ್ಲಿ. ಅವರು ಓಟು ಹಾಕೋಕೆ ಬಂದಿದ್ರು, ಗಲಾಟೆ ಅಲ್ಲಿಂದಲೇ ಬೆಳೆದಿದ್ದು.

ಕೊಳ್ಳೇಗಾಲ ಗುಂಡ
ಸರಿ, ತಿದ್ದಿಕೊಂಡೆ. ರಸ್ತೆ ಇಬ್ಬರಿಗೂ ಇರಲಿಲ್ಲ ಅನ್ನೋದು ನಿಜ ತಾನೇ?

ಯಳಂದೂರು ಬಸ್ಸು
ಅದು ನಿಜ.

ಹುಲಿಹೆಜ್ಜೆ
ರಸ್ತೆ ಅಂದ್ರೆ ಟಾರೇ ಆಗಬೇಕಾ ಅನ್ನೋದು ನನ್ನ ಪ್ರಶ್ನೆ. ದಾರಿಯ ಎರಡೂ ಕಡೆ ಲಂಟಾನಾ ಸವರಿ, ಜೀಪು ಹೋಗೋ ಹಾಗೆ ಮಣ್ಣು ದಾರಿ ಇಟ್ಟು, ಹೊರಗಿನ ವಾಹನ ಬಿಡದೆ, ವಾರಕ್ಕೆ ಎರಡು ಸಲ ಸರ್ಕಾರಿ ಜೀಪು ಓಡಿಸಿದ್ರೆ? ಮಹದೇಶ್ವರ ಬೆಟ್ಟದ ಊರುಗಳಿಗೆ ಜನವನ ಸಾರಿಗೆ ಅಂತ ಜೀಪು ಬಿಟ್ಟಿದ್ದಾರಲ್ಲ, ಹಾಗೆ. ಆನೆಯೂ ದೂರದಿಂದಲೇ ಕಾಣುತ್ತೆ.

ಪೋಡಿನವಳು
ಇದಕ್ಕೆ ನನ್ನದು ಪೂರ್ತಿ ಒಪ್ಪಿಗೆ ಅಣ್ಣಾ. ನಮ್ಮ ಪೋಡಿನವರೂ ಇದನ್ನೇ ಕೇಳಿದ್ದು. ಟಾರು ಹಾಕಿದ್ರೆ ರೆಸಾರ್ಟ್ ಬರುತ್ತೆ ಅಂತ ನಮಗೂ ಭಯ ಇದೆ. ಕರೆಂಟ್ ತಂತಿ ಬೇಡ, ಆನೆಗೆ ತಗುಲುತ್ತೆ, ಸೋಲಾರ್ ಬ್ಯಾಟರಿ ರಿಪೇರಿ ಮಾಡೋಕೆ ನಮ್ಮ ಹುಡುಗರಿಗೇ ಕಲಿಸಿ ಅಂತ ಗ್ರಾಮಸಭೆಯಲ್ಲಿ ಬರೆದು ಕೊಟ್ಟೆವು. ಎರಡು ವರ್ಷ ಆಯ್ತು.

ಕಡತ ಕೆಲಸ
ಆ ಠರಾವಿನ ಪ್ರತಿ ಇದೆಯಾ? ದಿನಾಂಕ, ಕೋರಂ, ಸಹಿ ಎಲ್ಲಾ ಸರಿ ಇದೆಯಾ? ಇದ್ರೆ ನನಗೆ ಕಳಿಸಮ್ಮ. ಎಲ್ಲಿ ನಿಂತಿರುತ್ತೆ ಅಂತ ನನಗೆ ಗೊತ್ತಿರುತ್ತೆ. ನಿವೃತ್ತಿ ಆದಮೇಲೆ ಕೆಲಸ ಇಲ್ಲ, ಬಿಸಿಲಲ್ಲಿ ಕೂತು ಬೇಜಾರಾಗಿದೆ.

ಪೋಡಿನವಳು
ಕಳಿಸ್ತೀನಿ ಸಾರ್. ಅಪ್ಪನಿಗೆ ಹೇಳಿ ಅಟ್ಟದಿಂದ ಇಳಿಸ್ಬೇಕು, ಭಾನುವಾರ ಆಗುತ್ತೆ.

ಗಿಡ ಗೊತ್ತಿರೋನು
ಮಧ್ಯೆ ಒಂದು ಖುಷಿ ಸುದ್ದಿ ಹಾಕ್ತೀನಿ. 2022ರಲ್ಲಿ ಇದೇ ಬೆಟ್ಟದಲ್ಲಿ ಸಿಕ್ಕಿದ ಹೊಸ ಕಣಜದ ಕುಲಕ್ಕೆ ವಿಜ್ಞಾನಿ‌ಗಳು ಸೋಲಿಗ ಅಂತಲೇ ಹೆಸರಿಟ್ಟಿದ್ದಾರೆ. ಸೋಲಿಗ ಎಕಾರಿನೇಟಾ.

ಪೋಡಿನವಳು
ಕಣಜಕ್ಕೆ ಪತ್ರ ಬೇಗ ಸಿಕ್ತು 😄

ಗೆಸ್ಟ್ ಟೀಚರ್
ಹತ್ತು ದಿನ ಆದ ಮೇಲೆ ಮತ್ತೆ ಬರೀತಿದ್ದೀನಿ. ಹನ್ನೊಂದರಲ್ಲಿ ಐದು ಮಕ್ಕಳು ಬಂದರು. ಪೋಡಿನಿಂದ ಇಬ್ಬರು ಗಂಡಸರು ಎಸ್ಟೇಟಿನಿಂದ ಒಂದು ದಿನಕ್ಕೆ ಅಂತ ಬಂದವರು ಕರೆತಂದು ಬಿಟ್ಟು ಹೋದರು. ನಾವೂ ಅರ್ಧ ದಾರಿಗೆ ಎದುರು ಹೋಗಿದ್ದೆವು, ಹನ್ನೊಂದು ಗಂಟೆಗೆ, ಪೋಡಿನವಳು ಹೇಳಿದ ಹೊತ್ತಿಗೇ. ಉಳಿದ ಆರು ಮಕ್ಕಳು ಕೊಯ್ಲು ಮುಗಿಯೋವರೆಗೆ ಬರಲ್ಲ ಅನ್ನಿಸುತ್ತೆ. ರೊಟ್ಟಿ ಹಬ್ಬದ ರಜೆಗೆ ಅರ್ಜಿ ಕೊಟ್ಟಿದ್ದೀನಿ, ಸೀಲ್ ಹಾಕಿಸಿದ್ದೀನಿ. ಇಬ್ಬರು ಹುಡುಗಿಯರ ರಕ್ತ ಪರೀಕ್ಷೆ ಆಗಿದೆ, ಫಲಿತಾಂಶ ಬರಬೇಕು.

ಆ ನಾಲ್ಕನೇ ಕ್ಲಾಸಿನ ಹುಡುಗ ಬಂದ ದಿನವೇ ಬೋರ್ಡಿನ ಮೇಲೆ ದಾರಿಯ ಚಿತ್ರ ಬರೆದು ತೋರಿಸಿದ. ಕಟ್ಟೆ, ಹುಣಸೆಮರ, ಹಳ್ಳ, ಎಲ್ಲಾ ಅದರದರ ಜಾಗದಲ್ಲಿ. ಆಮೇಲೆ ಒಂದು ಬಂಡೆ ಬರೆದು ಅದರ ಪಕ್ಕ ಸೀಮೆಸುಣ್ಣ ಒತ್ತಿ ಚುಕ್ಕೆ ಇಟ್ಟು, "ಮದ್ಯಾನ ಹೊತ್ತು ಇಲ್ಲೇ ಮನಗೂದು ಮಿಸ್ಸು" ಅಂದ. ನಾನು ಮತ್ತು ಅಡುಗೆ ಅಕ್ಕ ಅವತ್ತು ಚಿತ್ರಾನ್ನ ಬಿಚ್ಚಿಕೊಂಡು ಕೂತಿದ್ದು ಅದೇ ಬಂಡೆ ಮೇಲೆ.

ಯಳಂದೂರು ಬಸ್ಸು
ಚಿತ್ರಾನ್ನದ ವಾಸನೆಗೆ ಎದ್ದು ಬರ್ಲಿಲ್ವಲ್ಲ, ನಿಮ್ಮ ಪುಣ್ಯ.